ಅಣ್ಣನ ಹೊಲದ ತೆರವು

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ಊಟ ಆಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. “ಮನಿ ಎಲ್ಲೀತನಕ ಬಂತು?” ಎಂದು ಕೇಳುತ್ತಿದ್ದೆವು. ಮಳೆ ನಿಂತು ನೆಲ ಹದಕ್ಕೆ ಬಂತೆಂದರೆ ಹೊಲಗಳೂ ಮನೆಗಳೂ ಜರುಗಲು ಶುರುಮಾಡುತ್ತಿದ್ದವು. ಅವಕ್ಕೆ ಅವಸರ ಇರುತ್ತಿರಲಿಲ್ಲ. ಮೇಯಲು ಬಿಟ್ಟ ಎಮ್ಮೆಗಳ ಹಾಗೆ ಒಂದಕ್ಕೊಂದು ಮೈ ತಿಕ್ಕಿಕೊಂಡು, ನಿಂತು, ಮತ್ತೆ ಹೊರಟು, ಬಿಸಿಲು ಬಲಿಯುವ ಹೊತ್ತಿಗೆ ಎಲ್ಲೋ ಒಂದು ಕಡೆ ಮಲಗುತ್ತಿದ್ದವು. ಹೋದ ವರ್ಷ ಮಠದ ಹಿಂದೆ ಇದ್ದ ಕುಂಬಾರರ ಮನೆ ಈ ವರ್ಷ ಕೆರೆಯ ದಂಡೆಗೆ ಬಂದಿರುತ್ತಿತ್ತು. ನೀರು ಹೊರುವುದು ತಪ್ಪಿತೆಂದು ಅವರ ಮನೆಯ ಹೆಂಗಸರು ಕೆರೆಗೆ ಅರಿಶಿನ ಕುಂಕುಮ ಏರಿಸುತ್ತಿದ್ದರು. ಅದರ ಮರುವರ್ಷ ಅದೇ ಮನೆ ಗುಡ್ಡದ ಬುಡ ಸೇರಿ, ಅದೇ ಹೆಂಗಸರು ಅದೇ ಕೆರೆಯನ್ನು ಬೈಯುತ್ತಿದ್ದರು.

ಇಂಥ ಊರಿನಲ್ಲಿ ಹಗೆ ಸಾಕುವುದು ಬಲು ಕಷ್ಟ. ಬದುವಿನ ಜಗಳ ತೆಗೆದು ನಾಲ್ಕು ಮಾತು ಆಡುವಷ್ಟರಲ್ಲಿ ಎದುರಾಳಿಯ ಹೊಲ ಊರಿನ ಆ ಕೊನೆಗೆ ಹೋಗಿರುತ್ತಿತ್ತು. ಅಷ್ಟು ದೂರ ನಡೆದುಹೋಗಿ ಬೈದು ಬರಲು ಯಾರಿಗೆ ಪುರುಸೊತ್ತು? ಊರಿನ ಆ ತುದಿಗೆ ಕೊಟ್ಟ ಮಗಳ ಮನೆ ಒಂದು ಮುಂಜಾನೆ ತಾನಾಗಿ ತವರಿನ ಹಿತ್ತಲಿಗೆ ಬಂದು ನಿಲ್ಲುವುದೂ ಇತ್ತು. ಆಗ ತಾಯಿಯ ಮುಖ ನೋಡಬೇಕು, ಅಳಿಯನ ಮುಖ ನೋಡಬಾರದು. ನೆಲ ಜರುಗುವಾಗ ಅಂಚಿನಲ್ಲಿಟ್ಟ ಬೀಸುಕಲ್ಲು, ಕರು ಕಟ್ಟಿದ ಗೂಟ, ಒಣಗಲು ಹಾಕಿದ ಕೌದಿ ಹಿಂದೆಯೇ ಉಳಿದುಬಿಡುತ್ತಿದ್ದವು. ಹಾಗೆ ಉಳಿದದ್ದು ಯಾರ ಕಣ್ಣಿಗೆ ಬಿತ್ತೋ ಅವರು ಅದನ್ನು ಹೊತ್ತು ಒಡೆಯರ ಮನೆಗೆ ಮುಟ್ಟಿಸಿ, ಬೆಲ್ಲ ನೀರು ಕುಡಿದು ಬರುವುದು ರೂಢಿ. ಅದರಲ್ಲಿ ತಪ್ಪಿದವನಿಗೆ ನಮ್ಮಲ್ಲಿ ಮರ್ಯಾದೆ ಇರಲಿಲ್ಲ.

ಊರಂಚಿನ ಹೊಲಗಳದ್ದು ಮಾತ್ರ ಬೇರೆ ಕಥೆ. ಅವು ಒಮ್ಮೊಮ್ಮೆ ಗುಡ್ಡದ ಮಗ್ಗುಲಿಂದ ಆಚೆ ಹೊರಟುಹೋಗುತ್ತಿದ್ದವು. ಹೋದ ಹೊಲದ ಹಿಂದೆ ಹಾಸಿಗೆ ಎತ್ತಿದ ಜಾಗದಂತೆ ಬೋಳು ನೆಲದ ಉದ್ದನೆಯ ಪಟ್ಟಿಯೊಂದು ಉಳಿಯುತ್ತಿತ್ತು. ಅದಕ್ಕೆ ನಾವು ತೆರವು ಎನ್ನುತ್ತಿದ್ದೆವು. ಹೊಲದವರು ಆ ತೆರವನ್ನು ಕಾಯಬೇಕು, ದಿನಾಲೂ ಅದರ ಉದ್ದಕ್ಕೂ ನಡೆದು ಪಕ್ಕದ ಹೊಲಗಳು ಒಳಗೆ ನುಗ್ಗದಂತೆ ನೋಡಿಕೊಳ್ಳಬೇಕು. ಕಾದರೆ ಹೊಲ ಸುತ್ತಿ ಬಳಸಿ ತನ್ನ ಜಾಗಕ್ಕೆ ಬರುತ್ತದೆ, ಹೋದಾಗ ಇಲ್ಲದ ಯಾವುದೋ ಹುಲ್ಲನ್ನೋ ಹಕ್ಕಿಯನ್ನೋ ಕರೆದುಕೊಂಡು. ಮೂರು ಸುಗ್ಗಿ ಕಳೆದರೂ ಬಾರದಿದ್ದರೆ ತೆರವು ಮುಚ್ಚಲು ಬಿಡುತ್ತಿದ್ದರು. ಹೊಲದ ಜೊತೆ ಮನುಷ್ಯನೂ ಹೋಗಿದ್ದರೆ, ತೆರವು ಮುಚ್ಚಿದ ದಿನವೇ ಅವನ ಹೆಂಡತಿಯ ಕೈಬಳೆ ಒಡೆಯುತ್ತಿದ್ದರು.

ನನ್ನ ಅಣ್ಣ ಅಡಿವೆಪ್ಪ ಹೊಲದ ಜೊತೆ ಹೋದವನು. ಜೋಳ ಹಾಲುಗಾಳಿನಲ್ಲಿತ್ತು. ಅವನು ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯಲು ಕುಳಿತವನು, ಬೆಳಗಾಗುವುದರಲ್ಲಿ ಹೊಲವೂ ಅವನೂ ಗುಡ್ಡದ ಆಚೆ. ಇಳಿದು ಓಡಿ ಬರಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಹೊಲದ ಮೇಲಿನ ಮನುಷ್ಯ ಇಳಿದರೆ ಹೊಲಕ್ಕೆ ಊರು ಮರೆಯುತ್ತದೆ ಎಂಬುದು ಅವರಿಗೇನು ಗೊತ್ತು? ನಮ್ಮಪ್ಪ ಕಲ್ಲು ಆರಿಸಿ ಆರಿಸಿ ಹಸನು ಮಾಡಿದ ನೆಲ ಅದು. ಅಣ್ಣ ಅದನ್ನು ಕೈಬಿಡುವ ಜಾತಿಯವನಾಗಿರಲಿಲ್ಲ. ಒಂದೆರಡು ವರ್ಷದ ಮೇಲೆ ಕುರಿ ಕಾಯುವವರು ಬಂದು, ಎಲ್ಲೋ ಬಯಲಿನಲ್ಲಿ ಜೋಳದ ಹೊಲವೊಂದು ಹೋಗುತ್ತಿತ್ತು, ಅಟ್ಟದ ಮೇಲಿನವನು ಕೈಯೆತ್ತಿ “ನಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರೇನು?” ಎಂದು ಕೂಗಿ ಕೇಳಿದ ಎಂದು ಹೇಳಿದರು. ಅವರು ಉತ್ತರ ಕೊಡುವಷ್ಟರಲ್ಲಿ ಹೊಲ ದಿಬ್ಬ ಇಳಿದಿತ್ತಂತೆ.

ಅತ್ತಿಗೆ ನೀಲಗಂಗವ್ವ ಆ ಸುದ್ದಿ ಕೇಳಿ ಕುರಿಯವರಿಗೆ ಹೊಟ್ಟೆ ಬಿರಿಯುವಷ್ಟು ಹೋಳಿಗೆ ಉಣಿಸಿದಳು, ಆಮೇಲೆ ಬೈದಳು: “ಆರಾಮ ಅದಾರ ಅಂತ ಒಂದ ಮಾತ ಒದರಾಕ ನಿಮ್ಮ ಬಾಯಾಗ ಏನ ಇಟ್ಕೊಂಡಿದ್ರಿ?” ಆಕೆಯ ಸ್ವಭಾವವೇ ಅಂಥದ್ದು. ಬಾಯಿ ಮೆಣಸಿನಕಾಯಿ, ಮನಸ್ಸು ಹಾಲು. ಅವ್ವ ತೀರಿಕೊಂಡ ಮೇಲೆ ನನಗೆ ಉಣಿಸಿದವಳು, ಬಾರಿಸಿದವಳು ಎರಡೂ ಆಕೆಯೇ. ಮೂರು ಸುಗ್ಗಿ ಹೋಗಿ ಎಷ್ಟೋ ಸುಗ್ಗಿಗಳಾದವು. ಊರ ಹಿರಿಯರು ಒಂದೆರಡು ಸಲ ತೆರವಿನ ಮಾತು ತೆಗೆದು, ಆಕೆಯ ಬಾಯಿಗೆ ಹೆದರಿ ಸುಮ್ಮನಾದರು. ಆಕೆ ದಿನಾ ಮುಂಜಾನೆ ರೊಟ್ಟಿ ಬಡಿದಿಟ್ಟು, ಊರಿಂದ ಗುಡ್ಡದ ತನಕ ಆ ಬೋಳು ಪಟ್ಟಿಯ ಮೇಲೆ ನಡೆದುಹೋಗಿ ಬರುತ್ತಿದ್ದಳು. ಪಕ್ಕದ ಹೊಲಗಳು ನಿದ್ದೆಗಣ್ಣಿನವರು ಕಾಲು ಚಾಚಿದ ಹಾಗೆ ತೆರವಿನೊಳಗೆ ಮೆಲ್ಲಗೆ ಮಣ್ಣು ಚಾಚಿರುತ್ತಿದ್ದವು. ಆಕೆ ಅಂಗಾಲಿನಿಂದ ಅದನ್ನು ನೂಕುತ್ತ, “ಏ, ಕಾಲ ಮಡಚ್ಕೋ. ಇಲ್ಲಿ ಮಂದಿ ಬರೂದೈತಿ” ಎನ್ನುತ್ತಿದ್ದಳು. ಮಣ್ಣು ಹಿಂದೆ ಸರಿಯುತ್ತಿತ್ತು. ತೆರವಿನ ಎಡಕ್ಕೆ ಯಾವಾಗಲೂ ನನ್ನ ಹೊಲವೇ ಇರುತ್ತಿತ್ತು. ಒಂದೇ ಮನೆಯ ಹೊಲಗಳು ಅಷ್ಟು ಸುಲಭವಾಗಿ ಅಗಲುವುದಿಲ್ಲ. ಬಲಕ್ಕೆ ವರ್ಷಕ್ಕೊಬ್ಬರು ಬರುತ್ತಿದ್ದರು. ಈ ಕಥೆ ನಡೆದ ವರ್ಷ ಬಲಕ್ಕೆ ಬಂದು ನಿಂತದ್ದು ದ್ಯಾಮಣ್ಣನ ಹೊಲ.

ಆ ವರ್ಷವೇ ಮೋಜಣಿ ಬಂತು. ಮೋಜಣಿ ಅಂದರೆ ಸರ್ಕಾರದ ಅಳತೆ. ಅಳೆಯಲು ಬಂದವರು ರಂಗಧಾಮಯ್ಯ ಎಂಬ ತೆಳ್ಳಗಿನ ಸಾಹೇಬರು, ದೂರದ ದಕ್ಷಿಣದ ಕಡೆಯವರು. ಸಂಗಡ ಇಬ್ಬರು ಆಳು, ಒಂದು ಹಿತ್ತಾಳೆಯ ದುರ್ಬೀನು, ಕಬ್ಬಿಣದ ಸರಪಳಿ, ಗಡಿಗೆ ನೆಡಲು ಬಂಡಿಗಟ್ಟಲೆ ಬಾಂದಗಲ್ಲು. ಕೆರೆಯ ಹತ್ತಿರ ಡೇರೆ ಹಾಕಿದರು. ಮರುದಿನ ಎದ್ದು ನೋಡಿದರೆ ಕೆರೆ ಹತ್ತಿರ ಇರಲಿಲ್ಲ. ಪಾಪ, ಅವರಿಗೆ ನಮ್ಮ ನೆಲ ಒಗ್ಗಲಿಲ್ಲ. ಹೊಟ್ಟೆ ತೊಳಸುತ್ತದೆ ಎಂದು ನಿಂಬೆಹಣ್ಣು ಮೂಸುತ್ತ ಓಡಾಡಿದರು. ಮಂಚವನ್ನು ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿಸಿದರು. ಬೇವಿನ ಮರವೂ ಹೊರಟಿದ್ದು ಅವರಿಗೆ ಆಮೇಲೆ ತಿಳಿಯಿತು.

ಆದರೆ ಮನುಷ್ಯ ಕೆಟ್ಟವರಲ್ಲ. ಊರವರನ್ನೆಲ್ಲ ಮಠದ ಅಂಗಳದಲ್ಲಿ ಕೂಡಿಸಿ ಸಮಾಧಾನದಿಂದ ತಿಳಿಸಿ ಹೇಳಿದರು. ಸರ್ಕಾರ ಇಡೀ ದೇಶವನ್ನು ಗುಡ್ಡದಿಂದ ಗುಡ್ಡಕ್ಕೆ ಗೆರೆ ಎಳೆದು, ಮುಕ್ಕೋಣ ಮುಕ್ಕೋಣವಾಗಿ ಕಟ್ಟಿಕೊಂಡು ಬಂದಿದೆಯಂತೆ. ಒಂದಾನೊಂದು ಕಾಲಕ್ಕೆ ಎಲ್ಲ ಊರುಗಳೂ ನಮ್ಮೂರಿನ ಹಾಗೆಯೇ ಇದ್ದವಂತೆ. ಕಲ್ಲು ಬಿದ್ದಂತೆ ಒಂದೊಂದೇ ನಿಂತವಂತೆ. “ಈಗ ಉಳಿದಿರೋದು ನಿಮ್ಮೂರು ಒಂದೇ” ಎಂದರು. “ಗಂಟು ಕಟ್ಟೋವಾಗ ಒಂದು ಮೂಲೆ ಬಿಚ್ಚಿಕೊಂಡಿದ್ರೆ ಹೇಗೆ ಹೇಳಿ? ಒಳಗಿರೋದೆಲ್ಲ ಅಲ್ಲಿಂದ ಸೋರಿಹೋಗುತ್ತೆ. ಎಲ್ಲರ ಹೊಲದ ಮೂಲೆಗೂ ಕಲ್ಲು ಹಾಕ್ತೀವಿ. ಕಡೇಲಿ ಮೂಲಗಲ್ಲು ಅಂತ ಒಂದು ಹಾಕ್ತೀವಿ. ಅದು ಬಿದ್ದ ಗಳಿಗೇಲಿ ನಿಮ್ಮ ನೆಲ ನಿಂತುಬಿಡುತ್ತೆ. ಆಮೇಲೆ ಯಾರ ನೆಲ ಯಾರದು ಅಂತ ಸರ್ಕಾರಾನೇ ಜವಾಬ್ದಾರಿ.”

ಊರಿಗೆ ಇದು ಸಂತೋಷವೋ ಸಂಕಟವೋ ತಿಳಿಯಲಿಲ್ಲ. ಆ ವರ್ಷ ಕೆರೆಯ ದಂಡೆಯಲ್ಲಿದ್ದವರು ನಾಳೆಯೇ ಕಲ್ಲು ಹಾಕಿಬಿಡಿ ಎಂದರು. ಗುಡ್ಡದ ಬುಡದಲ್ಲಿದ್ದವರು ಇನ್ನೊಂದು ವರ್ಷ ತಡೆಯಿರಿ ಎಂದರು. ಬೀಗರ ಮನೆ ಪಕ್ಕಕ್ಕೆ ಬಂದಿದ್ದ ಒಬ್ಬಾತ ತಲೆಯ ಮೇಲೆ ಕೈಹೊತ್ತು ಕುಳಿತ. ನಮ್ಮ ಅತ್ತಿಗೆ ಹಿಂದಿನ ಸಾಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮನೆಗೆ ಬರುವಾಗ ಒಂದು ಮಾತೂ ಆಡಲಿಲ್ಲ. ಆಕೆ ಮಾತಾಡದಿದ್ದರೆ ನನಗೆ ಹೆದರಿಕೆ.

ಸಾಹೇಬರ ಮೊದಲ ವಾರದ ಕೆಲಸವೆಲ್ಲ ನಮ್ಮೂರವರ ಒಳ್ಳೆಯತನದಿಂದಲೇ ಹಾಳಾಯಿತು. ಅವರು ಹಗಲೆಲ್ಲ ಸರಪಳಿ ಎಳೆದು ಕಲ್ಲು ನೆಡಿಸುತ್ತಿದ್ದರು. ಇರುಳಲ್ಲಿ ಹೊಲಗಳು ಒಂದಿಷ್ಟು ಜರುಗಿ ಕಲ್ಲುಗಳು ಹಿಂದೆ ಉಳಿಯುತ್ತಿದ್ದವು. ಹಿಂದೆ ಉಳಿದ ವಸ್ತುವನ್ನು ಒಡೆಯನಿಗೆ ಮುಟ್ಟಿಸದೆ ಬಿಡುವ ಜನವೇ ನಾವು? ಬೆಳಗಾದರೆ ಸಾಹೇಬರ ಡೇರೆಯ ಮುಂದೆ ತಲೆಯ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ಬಾಂದಗಲ್ಲು ಹೊತ್ತವರ ಸಾಲು ನಿಂತಿರುತ್ತಿತ್ತು. ಎಲ್ಲರಿಗಿಂತ ಮುಂದೆ ದ್ಯಾಮಣ್ಣ.

“ಸಾಹೇಬ್ರ, ನಿಮ್ಮ ಕಲ್ಲು ಬಿಟ್ಟ ಬಂದಿದ್ರಿ” ಎಂದು ಅವನು ಧೊಪ್ಪೆಂದು ಇಳಿಸಿ ಬೆವರು ಒರೆಸಿಕೊಂಡ. “ಪುಣ್ಯಾಕ ನನ್ನ ಕಣ್ಣಿಗೆ ಬಿತ್ತು.”

ರಂಗಧಾಮಯ್ಯನವರು ನಿಂಬೆಹಣ್ಣು ಕೆಳಗಿಟ್ಟು ಕಲ್ಲನ್ನು ನೋಡಿದರು, ಸಾಲನ್ನು ನೋಡಿದರು. “ಬಿಟ್ಟು ಬಂದಿದ್ದಲ್ಲಪ್ಪ, ನೆಟ್ಟು ಬಂದಿದ್ದು” ಎಂದರು.

“ಅದ ಹೌದ್ರಿ. ಗಟ್ಟಿ ಇತ್ತು, ಕೀಳಾಕ ಭಾಳ ತ್ರಾಸ ಆತು” ಎಂದ ದ್ಯಾಮಣ್ಣ, ಬೆಲ್ಲ ನೀರು ಈಗ ಬರುತ್ತದೆ ಎಂದು ಡೇರೆಯ ಒಳಗೆ ಇಣುಕಿ ನೋಡುತ್ತ.

ಸಾಹೇಬರು ಅಳುತ್ತಾರೋ ಎಂದುಕೊಂಡೆ. ಅವರು ನಕ್ಕುಬಿಟ್ಟರು. ಆಮೇಲೆ ಡಂಗುರ ಸಾರಿಸಿದರು: ಸರ್ಕಾರದ ಕಲ್ಲು ಎಲ್ಲೇ ಕಂಡರೂ ಯಾರೂ ಮುಟ್ಟಿಸಬೇಕಾಗಿಲ್ಲ, ಅದರ ಪಕ್ಕಕ್ಕೆ ಹೊಲ ತಾನೇ ಬರಲಿ. ಅಲ್ಲಿಂದ ಕೆಲಸ ಸಾಗಿತು. ಹೊಲಗಳು ಕಲ್ಲುಗಳ ನಡುವೆ ನುಸುಳುತ್ತ, ಒಂದು ರಾತ್ರಿ ಆಚೆ ಒಂದು ರಾತ್ರಿ ಈಚೆ ಆಗುತ್ತ, ಹೊಸ ದನದಂತೆ ಗೂಟದ ಸುತ್ತ ಸುತ್ತಿ ಸುತ್ತಿ ತಣ್ಣಗಾಗತೊಡಗಿದವು.

ಒಂದು ಬೆಳಿಗ್ಗೆ ಸರಪಳಿ ಅಣ್ಣನ ತೆರವಿಗೆ ಬಂತು. ಸಾಹೇಬರು ನನ್ನ ಹೊಲದ ಮೂಲೆಯಲ್ಲಿ ನಿಂತು ದುರ್ಬೀನಿನಲ್ಲಿ ನೋಡಿ, ಇದೇನು ಎಂದು ಕೇಳಿದರು. ನಾನು ಹೇಳಿದೆ. ಅತ್ತಿಗೆ ತೆರವಿನ ನಡುವೆ ಸೆರಗು ಬಿಗಿದು ನಿಂತಿದ್ದಳು. ಸಾಹೇಬರು ಎಲ್ಲ ಕೇಳಿ ದುರ್ಬೀನು ಬಿಟ್ಟು ಆಕೆಯ ಹತ್ತಿರ ಬಂದರು.

“ತಾಯಿ, ನಕ್ಷೆಯಲ್ಲಿ ಖಾಲಿ ಅಂತ ಬಿಡೋ ಹಾಗಿಲ್ಲ” ಎಂದರು. “ಪ್ರತಿಯೊಂದು ತುಂಡಿಗೂ ಒಂದು ನಂಬರು ಬೇಕು, ನಂಬರಿಗೊಬ್ಬ ಒಡೆಯ ಬೇಕು. ಒಡೆಯ ಎದುರಿಗೆ ನಿಂತು ಹೌದು ಅನ್ನಬೇಕು. ಇಲ್ಲಿ ಹೊಲಾನೇ ಇಲ್ಲ. ಎಡಗಡೆಯವರಿಗೆ ಅರ್ಧ, ಬಲಗಡೆಯವರಿಗೆ ಅರ್ಧ ಸೇರಿಸಿ ಮುಚ್ಚಬೇಕಾಗುತ್ತೆ.”

“ಮುಚ್ಚಿದ್ರ ಏನಕ್ಕೈತಿ ಗೊತ್ತೈತೇನ್ರಿ ನಿಮಗ?” ಎಂದು ಅತ್ತಿಗೆ ಎರಡೂ ಕೈ ಮುಂದೆ ಚಾಚಿ ಬಳೆ ತೋರಿಸಿದಳು. “ಯಾವ ಮನುಷ್ಯಾ ಸತ್ತಾನ ಅಂತ ಯಾರೂ ಕಂಡಿಲ್ಲೋ, ಅವನ ಹೆಂಡ್ತೀನ್ನ ಸರ್ಕಾರ ಸರಪಳಿ ಹಿಡಕೊಂಡ ಬಂದು ಮುಂಡಿ ಮಾಡ್ತೈತೇನು? ನಿಮ್ಮ ಮನ್ಯಾಗೂ ಹೆಣ್ಣುಮಗಳ ಇರಬೇಕಲ್ರಿ. ಆಕೀನ್ನ ಕೇಳ್ರಿ ಹೋಗಿ.”

ಸಾಹೇಬರ ಮುಖ ಸಣ್ಣದಾಯಿತು. ಇವತ್ತಿಗೆ ಸಾಕು ಎಂದು ಸರಪಳಿ ಸುತ್ತಿಸಿಕೊಂಡು ಹೋದರು. ಆದರೆ ಹೋಗುವ ಮುಂಚೆ, ಊರಿನ ಉಳಿದ ಕಲ್ಲೆಲ್ಲ ಮುಗಿದಿವೆ, ಬರುವ ಅಮಾವಾಸ್ಯೆಯೊಳಗೆ ಮೂಲಗಲ್ಲು ಹಾಕಲೇಬೇಕು ಎಂದು ನನಗೆ ಮೆಲ್ಲಗೆ ಹೇಳಿದರು.

ಅಂದು ಊಟಕ್ಕೆ ಕುಳಿತಾಗ ನಾನು ಒಂದು ಜಾಣತನದ ಮಾತು ಆಡಿದೆ. “ಅತ್ತಿಗಿ, ತೆರವು ಎಲ್ಲಾ ನನ್ನ ಹೆಸರಿಗೆ ಬರಿಸಿಬಿಡೂಣು. ದ್ಯಾಮಣ್ಣನ್ನ ನಾ ಒಪ್ಪಸ್ತೀನಿ. ಅಣ್ಣ ಬಂದ ದಿನ ಬಿಟ್ಟುಕೊಡ್ತೀನಿ. ನಾನೇನ ಹೊರಗಿನಾಂವನ?”

ಆಕೆ ನನ್ನ ತಾಟಿಗೆ ಹಾಕಲು ತೆಗೆದ ರೊಟ್ಟಿಯನ್ನು ವಾಪಸು ಬುಟ್ಟಿಯಲ್ಲಿಟ್ಟಳು. “ನಿನ್ನ ಹೆಸರಿಗೆ ಬಿದ್ದ ನೆಲ ನಿನ್ನ ಹೊಲಾ ಆಗ್ತೈತಿ, ಮುರಿಗೆಪ್ಪಾ. ನಾಳೆ ಅಲ್ಲಿ ನಿನ್ನ ಮಣ್ಣು ಹರದು ಬರ್ತೈತಿ, ನಿನ್ನ ಜ್ವಾಳಾ ಹುಟ್ತೈತಿ. ನಿಮ್ಮಣ್ಣ ಬಂದು ತಮ್ಮನ ಬೆಳಿ ತುಳದು ನಿಂದ್ರಬೇಕೇನು? ನನಗ ನೆಲಾ ಬ್ಯಾಡ. ನನಗ ಅವರ ಜಾಗಾ ಬೇಕು.” ಅಷ್ಟು ಹೇಳಿ, ನನಗೆ ಉಣಲು ಬಡಿಸದೆ ಎದ್ದುಹೋದಳು. ನನ್ನ ಬುದ್ಧಿಗೆ ಆವತ್ತಿನ ಉಪವಾಸವೇ ತಕ್ಕ ಶಾಸ್ತಿ ಎನಿಸಿತು. ನನಗೂ ಅಣ್ಣನಲ್ಲವೇ ಅವನು? ಮಣ್ಣು ಚಾಚುತ್ತಿದ್ದ ಹೊಲಗಳಲ್ಲಿ ನನ್ನದೂ ಒಂದು ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ನಾಲ್ಕಾರು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ತೆರವಿನಲ್ಲಿ ಅತ್ತಿಗೆ ಈಗ ಹಗಲೆಲ್ಲ ಕಾಲ ಕಳೆಯುತ್ತಿದ್ದಳು. ಸುತ್ತಲಿನ ನೆಲ ತಣ್ಣಗಾಗುತ್ತ ಬಂದಂತೆ ತೆರವಿನ ಬೋಳು ಮಣ್ಣಿಗೆ ಒಂದು ಥರದ ಹೊಳಪು ಬಂದಿತ್ತು. ಸಂಜೆಯ ಬಿಸಿಲಿಗೆ ಅದು ನೀರಿಲ್ಲದ ಹೊಳೆಯ ಹಾಗೆ ಗುಡ್ಡದ ಕಡೆಗೆ ಹರಿದುಹೋದಂತೆ ಕಾಣುತ್ತಿತ್ತು. ನನಗೆ ಕನಸಿನಲ್ಲಿ ಅಣ್ಣ ಅಟ್ಟದ ಮೇಲೆ ಕುಳಿತೇ ಅದರ ಮೇಲೆ ತೇಲಿ ಬರುತ್ತಿದ್ದ. ಊರ ಹತ್ತಿರ ಬಂದಾಗ ಅಟ್ಟ ಅಗಲವಾಗಿ, ತೆರವು ಕಿರಿದಾಗಿ, ಅವನು ಅಲ್ಲೇ ಸಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದ.

ಸಾಹೇಬರಿಗೆ ಊಟ ಕಳಿಸುವ ಪಾಳಿ ಮನೆಮನೆಗೂ ಇತ್ತು. ನಮ್ಮ ಪಾಳಿ ಬಂದ ದಿನ ಸರ್ಕಾರವನ್ನೂ ಉಪವಾಸ ಕೆಡವುತ್ತಾಳೇನೋ ಎಂದುಕೊಂಡೆ. ಇಲ್ಲ, ಅತ್ತಿಗೆ ಎಣ್ಣೆಗಾಯಿ ಪಲ್ಯ ಮಾಡಿ, ಬಿಸಿ ರೊಟ್ಟಿ ಕಟ್ಟಿಕೊಂಡು ತಾನೇ ಹೊರಟಳು. “ಹಸದಾಂವನ ಕೂಡ ಜಗಳಾ ಆಡಬಾರದು” ಎಂದಳು. ನಾನು ಮಜ್ಜಿಗೆಯ ತಂಬಿಗೆ ಹಿಡಿದು ಹಿಂದೆ ಹೋದೆ. ದ್ಯಾಮಣ್ಣ ಆಗಲೇ ಅಲ್ಲಿದ್ದ. ತನ್ನ ಅರ್ಧ ತೆರವು ಎಷ್ಟಾಗುತ್ತದೆ ಎಂದು ಕೇಳಲು ಬಂದವನು, ನಮ್ಮನ್ನು ಕಂಡು ಡೇರೆಯ ಹಗ್ಗದ ಗಂಟನ್ನು ಪರೀಕ್ಷೆ ಮಾಡತೊಡಗಿದ.

ಸಾಹೇಬರು ಮೇಜಿನ ಮೇಲೆ ಎರಡು ನಕ್ಷೆ ಹರಡಿಕೊಂಡು ಕುಳಿತಿದ್ದರು. ಒಂದು ನಮ್ಮೂರಿನದು, ಇನ್ನೊಂದು ಗುಡ್ಡದ ಆಚೆಯ ಯಾವುದೋ ಊರಿನದು. ಆ ಊರಿನ ನಕ್ಷೆಯಲ್ಲಿ ಹೊಲಗಳಿಗೆಲ್ಲ ಬಣ್ಣ ಹಚ್ಚಿ ನಂಬರು ಬರೆದಿತ್ತು. ನಡುವೆ ಒಂದು ಬಿಳಿಯ ಪಟ್ಟಿ ಮಾತ್ರ ಬಣ್ಣವಿಲ್ಲದೆ, ನಂಬರಿಲ್ಲದೆ ಉದ್ದಕ್ಕೆ ಹಾದುಹೋಗಿತ್ತು. ಅತ್ತಿಗೆ ರೊಟ್ಟಿ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

“ಖಾಲಿ ಬಿಡಾಕ ಬರೂದಿಲ್ಲ ಅಂದ್ರಿ. ಮತ್ತ ಇದೇನ್ರಿ?”

“ಅದು ದಾರಿ ಕಣಮ್ಮ.”

“ಅದಕ್ಯಾಕ ಒಡೆಯಾ ಇಲ್ಲ?”

“ದಾರಿಗೆ ಒಡೆಯ ಇರೋದಿಲ್ಲ. ಎಲ್ಲರೂ ನಡೀತಾರೆ, ಯಾರದೂ ಅಲ್ಲ. ಸರ್ಕಾರ ನೋಡ್ಕೊಳ್ಳುತ್ತೆ. ಪಕ್ಕದವರು ಒತ್ತುವ ಹಾಗಿಲ್ಲ, ಉಳುವ ಹಾಗಿಲ್ಲ, ಯಾವ ಕಾಲಕ್ಕೂ ಮುಚ್ಚುವ ಹಾಗಿಲ್ಲ.” ಹೇಳುತ್ತ ಹೇಳುತ್ತ ಸಾಹೇಬರ ಮಾತು ನಿಧಾನವಾಯಿತು. ಅವರು ನಮ್ಮೂರಿನ ನಕ್ಷೆಯ ಕಡೆಗೆ ನೋಡಿದರು. ಅದರಲ್ಲಿ ಒಂದು ದಾರಿಯೂ ಇರಲಿಲ್ಲ. ಎಲ್ಲಿಂದ ಇರಬೇಕು? ಜರುಗುವ ಊರಿಗೆ ದಾರಿ ಎಂಥದು? ನಾವು ಸಿಕ್ಕವರ ಅಂಗಳ ದಾಟಿ, ಸಿಕ್ಕವರ ಹೊಲ ಹಾದು, ಕೇಳಿದವರಿಗೆ ನಮಸ್ಕಾರ ಹೇಳಿ ನಡೆಯುವವರು.

“ಯಾವ ಕಾಲಕ್ಕೂ ಅಂದ್ರಿ?” ಎಂದು ಅತ್ತಿಗೆ ಮತ್ತೆ ಕೇಳಿದಳು. “ನಾ ಸತ್ತ ಮ್ಯಾಲೂ?”

“ನಾನು ಸತ್ತ ಮೇಲೂ.”

“ಹಂಗಾದ್ರ ನಾ ಇಷ್ಟ ವರ್ಷ ದಿನಾ ನಡದಾಡಿದ್ದು ದಾರೀನ. ಬರಕೋರಿ.”

ಸಾಹೇಬರು ಹಣೆ ಉಜ್ಜಿಕೊಂಡರು. “ದಾರಿ ಅಂದ್ರೆ ಎಲ್ಲಿಂದಲೋ ಎಲ್ಲಿಗೋ ಹೋಗಬೇಕಮ್ಮ. ಆ ಕೊನೇಲಿ ಏನಿದೆ?”

“ನಮ್ಮ ಮನ್ಯಾವ್ರು ಅದಾರ” ಎಂದಳು ಅತ್ತಿಗೆ.

ದ್ಯಾಮಣ್ಣ ಕೂಡ ನಗಲಿಲ್ಲ. ಸಾಹೇಬರು ಎರಡೂ ನಕ್ಷೆಗಳನ್ನು ಅಂಚಿಗೆ ಅಂಚು ಸೇರಿಸಿ, ಮಡಿಕೆ ಬಿಡಿಸಿ, ಆಚೆ ಊರಿನ ಬಿಳಿಯ ಪಟ್ಟಿ ಗುಡ್ಡದ ಬೆನ್ನಿಗೆ ಬಂದು ನಿಂತಲ್ಲಿ ಬೆರಳಿಟ್ಟರು. ಅಲ್ಲಿಂದ ನಮ್ಮ ತೆರವು ಒಂದು ಕೂಗಳತೆ ದೂರ. ಊರಿಗೊಂದು ದಾರಿ ತೋರಿಸದೆ ನಕ್ಷೆ ಕಳಿಸಿದರೆ ಮೇಲಿನವರು ತಮ್ಮನ್ನೇ ಬೈಯುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಎರಡು ಮಾತು ಮುಚ್ಚುಮರೆಯಿಲ್ಲದೆ ಹೇಳಿದರು. ತೆರವಿನ ಅಗಲವೆಲ್ಲ ದಾರಿಗೆ ಕೊಡಲು ಬರುವುದಿಲ್ಲ, ಎರಡು ಬಂಡಿ ಎದುರುಬದುರು ಹಾಯುವಷ್ಟು ಮಾತ್ರ. ಉಳಿದದ್ದು ಎಡ ಬಲದ ಹೊಲಗಳಿಗೆ ಸೇರುತ್ತದೆ, ಅದಕ್ಕೆ ಆ ಇಬ್ಬರೂ ಒಪ್ಪಬೇಕು. ಅದು ಒಂದು. “ಇನ್ನೊಂದು, ತಾಯಿ, ಮೂಲಗಲ್ಲು ಬಿದ್ದ ಮೇಲೆ ಎಲ್ಲೆಲ್ಲೂ ನೆಲ ನಿಲ್ಲುತ್ತೆ. ನಿಮ್ಮ ಹೊಲಾನೂ ಎಲ್ಲಿದೆಯೋ ಅಲ್ಲೇ ನಿಲ್ಲುತ್ತೆ. ಅದು ಇನ್ನು ತಿರುಗಿ ಬರೋದಿಲ್ಲ. ಅದನ್ನ ಮುಚ್ಚಿಟ್ಟು ನಿಮ್ಮ ಕೈಯೂಟ ಉಣ್ಣೋಕೆ ನನಗಾಗಲ್ಲ.”

ಅತ್ತಿಗೆ ಕುಳಿತಲ್ಲೇ ಸ್ವಲ್ಪ ಬಾಗಿದಳು. ಅಪ್ಪನ ಕೈಯ ನೆಲ ಅದು. ಡೇರೆಯ ಬಟ್ಟೆ ಗಾಳಿಗೆ ಉಬ್ಬಿ ಇಳಿಯಿತು. ಆಕೆ ಬಿಚ್ಚಿದ ರೊಟ್ಟಿಯನ್ನು ಸಾಹೇಬರ ಮುಂದೆ ಸರಿಸಿ, “ಹೊಲಾ ನಿಂತರ ನಿಂದ್ರಲಿ” ಎಂದಳು. “ಒಬ್ಬ ಮನುಷ್ಯಾ ನಡದ ಬರೂವಷ್ಟ ಜಾಗಾ ಇದ್ದರ ಸಾಕು.”

ನಾನು ಒಪ್ಪಿದೆ ಎಂದು ಬೇರೆ ಹೇಳಬೇಕೇ? ಎಲ್ಲರೂ ದ್ಯಾಮಣ್ಣನ ಕಡೆ ನೋಡಿದೆವು. ಅವನು ಹಗ್ಗದ ಗಂಟು ಬಿಟ್ಟು, “ಹೊಲದ ಬಾಯಿಗೇ ದಾರಿ ಬಂದ್ರ ಬಂಡಿ ತರಾಕ ಸಸಾರ ಆಗ್ತೈತಿ” ಎಂದು ನಮ್ಮೆಲ್ಲರ ಮೇಲೆ ಸಿಟ್ಟಾದವನಂತೆ ಹೇಳಿದ. ಸ್ವಲ್ಪ ತಡೆದು, “ನೀಲವ್ವನ ಕೈಬಳಿ ಒಡದ ಪಾಪಾ ನನಗ ಬ್ಯಾಡ” ಎಂದ. ಸಾಹೇಬರು ಅಂದು ನಿಂಬೆಹಣ್ಣು ಮೂಸದೆ ಐದು ರೊಟ್ಟಿ ಉಂಡರು.

ಅಮಾವಾಸ್ಯೆಗೆ ಮುಂಚಿನ ದಿನ ಊರೆಲ್ಲ ಮಠದ ಎದುರು ನೆರೆಯಿತು. ಮೂಲಗಲ್ಲು ದೊಡ್ಡದೇನಿರಲಿಲ್ಲ, ಒಬ್ಬ ಗಟ್ಟಿಗ ತಬ್ಬಿ ಎತ್ತುವಷ್ಟು. ಅದರ ನೆತ್ತಿಯ ಮೇಲೆ ಒಂದು ಸಣ್ಣ ಚುಕ್ಕೆ ಕೊರೆದಿದ್ದರು. ಆ ಚುಕ್ಕೆ ಎಲ್ಲಿದೆ ಎಂದು ಸರ್ಕಾರಕ್ಕೆ ಇನ್ನು ಮೇಲೆ ಯಾವಾಗಲೂ ಗೊತ್ತಿರುತ್ತದೆ ಎಂದರು ಸಾಹೇಬರು. ದುರ್ಬೀನಿನಲ್ಲಿ ಮೂರು ಗುಡ್ಡಗಳನ್ನು ಒಂದೊಂದಾಗಿ ನೋಡಿ, ಕೈ ಇಳಿಸಿದರು. ಕಲ್ಲು ಕುಣಿಗೆ ಇಳಿಯಿತು.

ಸದ್ದೇನೂ ಆಗಲಿಲ್ಲ. ಹುಟ್ಟಿದಾಗಿನಿಂದ ಅಂಗಾಲಿನ ಕೆಳಗೆ ಇದ್ದ ಏನೋ ಒಂದು ತೂಗಾಟ, ಇತ್ತೆಂದೇ ನಮಗೆ ಗೊತ್ತಿರದ ತೂಗಾಟ, ನಿಂತಿತು. ಊರಿನ ತೊಟ್ಟಿಲ ಕೂಸುಗಳೆಲ್ಲ ಒಟ್ಟಿಗೇ ಅತ್ತವು. ಹೆಂಗಸರು ಗೋಡೆ ಹಿಡಿದುಕೊಂಡರು. ಕೆರೆಯ ನೀರು ಒಮ್ಮೆ ದಂಡೆಗೆ ಬಡಿದು ಕನ್ನಡಿಯಾಯಿತು. ದ್ಯಾಮಣ್ಣ ಎರಡು ಹೆಜ್ಜೆ ಇಟ್ಟು, ಇಲ್ಲದ ಇಳಿಜಾರಿಗೆ ಮೈ ಒರಗಿಸಿ, ಮುಗ್ಗರಿಸಿದ. ಊರಿನಲ್ಲಿ ನೆಟ್ಟಗೆ ನಿಂತಿದ್ದವರು ರಂಗಧಾಮಯ್ಯನವರು ಒಬ್ಬರೇ. ಬಂದ ಮೇಲೆ ಮೊದಲ ಸಲ ಅವರ ಮುಖಕ್ಕೆ ಬಣ್ಣ ಬಂದಿತ್ತು. ನನಗೆ ಮಾತ್ರ ತಬ್ಬಲಿಯಾದಂತೆ ಅನಿಸಿತು, ಯಾಕೆಂದು ಇವತ್ತಿಗೂ ಹೇಳಲಾರೆ.

ಆ ಗದ್ದಲದಲ್ಲಿ ಅತ್ತಿಗೆ ಸಾಹೇಬರ ಬಳಿ ಹೋಗಿ ನಿಂತದ್ದನ್ನು ನಾನು ಕಂಡೆ. “ಅವರ ಹೊಲಾನೂ ಈಗ ನಿಂತಿರತೈತೇನ್ರಿ?” ಎಂದು ಕೇಳಿದಳು.

“ನಿಂತಿರುತ್ತಮ್ಮ. ಇದೇ ಗಳಿಗೇಲಿ.”

“ಎಲ್ಲಿ?”

“ಎಲ್ಲಿ ಅಂತ ನನಗೆ ಗೊತ್ತಿಲ್ಲ. ಆದ್ರೆ ಒಂದು ಮಾತು ಹೇಳ್ತೀನಿ. ನಡೀತಿರೋದನ್ನ ಯಾರೂ ಹುಡುಕೋಕೆ ಆಗಲ್ಲ. ನಿಂತಿರೋದನ್ನ ಹುಡುಕಬಹುದು.”

ಮರುದಿನ ಮುಂಜಾನೆ ನಾನು ಎದ್ದಾಗ ಬಾಗಿಲ ಎದುರಿನ ಬೇವಿನ ಮರ ನಿನ್ನೆ ಇದ್ದಲ್ಲೇ ಇತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ದಿನಕ್ಕಿಂತ ಹೆಚ್ಚು ಹೊತ್ತು. ಒಳಗೆ ಹೋಗಿ ನೋಡಿದರೆ ಅತ್ತಿಗೆ ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಶೇಂಗಾ ಚಟ್ನಿಯ ಗಂಟು ಇಟ್ಟು, ಅಣ್ಣನ ಒಂದು ಧೋತರದಲ್ಲಿ ಕಟ್ಟುತ್ತಿದ್ದಳು.

“ತೆರವಿಗೆ ಹೋಗಲಿಲ್ಲೇನ ಅತ್ತಿಗಿ?” ಎಂದೆ.

“ಅದನ್ನಿನ್ನ ಸರ್ಕಾರ ಕಾಯ್ತೈತಿ” ಎಂದಳು. “ಇಷ್ಟ ದಿನಾ ನಾ ಎದ್ದರ ಅವರ ಜಾಗಾ ಹೋಗ್ತಿತ್ತು. ಇನ್ನ ನಾ ಯಾಕ ಕೂಡ್ಲಿ?”

ನನಗೆ ಅರ್ಥವಾಗಲು ತಡವಾಯಿತು. ಅರ್ಥವಾದ ಮೇಲೆ ನಾನೂ ಬರುತ್ತೇನೆ ಎಂದು ಪೇಟ ಹುಡುಕಿದೆ. ಆಕೆ ಒಪ್ಪಲಿಲ್ಲ. “ನೀನೂ ಬಂದ್ರ ಎಮ್ಮಿ ಹಿಂಡಾವ್ರ ಯಾರು? ನನ್ನ ಗಂಡನ್ನ ನಾ ಹುಡುಕತೀನಿ. ಅಂಥಾ ಹೊಲಾ, ಅಂಥಾ ಅಟ್ಟ, ಮ್ಯಾಲ ಅಂಥಾ ಮೊಂಡ ಮನುಷ್ಯಾ. ಯಾರನ್ನ ಕೇಳಿದ್ರೂ ಹೇಳ್ತಾರ.” ನಾನು ಅಳುತ್ತಿದ್ದೆ. ಆಕೆ ಸೆರಗಿನಿಂದ ನನ್ನ ಮುಖ ಒರೆಸಿ, ಹಳೆಯ ಕಾಲದ ಹಾಗೆ ತಲೆಗೊಂದು ಮೊಟಕಿದಳು.

ನಮ್ಮೂರಿನಲ್ಲಿ ಊರು ಬಿಟ್ಟು ಹೊರಡುವವರು ಹಿಮ್ಮುಖವಾಗಿ ನಡೆಯುತ್ತಿದ್ದರು. ಮನೆಗೆ ಬೆನ್ನು ಕೊಟ್ಟರೆ ಅದು ಎತ್ತಲೋ ಹೋದೀತು ಎಂಬ ಭಯಕ್ಕೆ, ಕಣ್ಣು ಮನೆಯ ಮೇಲಿಟ್ಟು, ಎಡವುತ್ತ, ಗುಡ್ಡ ಅಡ್ಡವಾಗುವತನಕ ಹಿಂದೆ ಹಿಂದೆ ಹೆಜ್ಜೆಯಿಡುವುದು. ಸೋದರಮಾವನ ಊರಿಗೆ ಹೊರಟರೂ ಅಷ್ಟೇ, ದಂಡಿಗೆ ಹೊರಟರೂ ಅಷ್ಟೇ. ಅತ್ತಿಗೆ ಗಂಟನ್ನು ತಲೆಯ ಮೇಲಿಟ್ಟುಕೊಂಡು ದಾರಿಯ ಬಾಯಲ್ಲಿ ನಿಂತಳು. ರೂಢಿಯ ಬಲದಿಂದ ಮುಖ ನಮ್ಮ ಕಡೆ ಮಾಡಿ ಒಂದೆರಡು ಹೆಜ್ಜೆ ಹಿಂದಕ್ಕೆ ಇಟ್ಟಳು. ಆಮೇಲೆ ನಿಂತು, ಮನೆಯನ್ನು ನೋಡಿದಳು, ಬೇವಿನ ಮರ ನೋಡಿದಳು, ನನ್ನನ್ನು ನೋಡಿದಳು, ಏನೋ ನೆನಪಾದವಳಂತೆ ನಕ್ಕಳು. ತಿರುಗಿ, ಮುಂದೆ ನೋಡಿಕೊಂಡು, ಎಡ ಬಲದ ಹೊಲಗಳ ನಡುವೆ ಸರಸರನೆ ನಡೆದಳು. ಊರು ಬಿಟ್ಟು ಹೋಗುವವರ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು.